ಬೀದಿಗೆ ಕೇಳಿಸದ ಕರೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಬರುವ ರೈಲಿನಲ್ಲಿ ಈಚೆಗೆ ಒಬ್ಬ ಯುವಕನಿಗೆ ನಾನು ಬುದ್ಧಿ ಹೇಳಬೇಕಾಯಿತು. ಅವನು ಕುವೈತಿನಲ್ಲಿರುವ ತನ್ನ ಅಕ್ಕನೊಡನೆ ಮಾತನಾಡುತ್ತಿದ್ದ. ಮಾತನಾಡಲಿ, ಬೇಡವೆನ್ನಲು ನಾನು ಯಾರು? ಆದರೆ ಅವನು ಫೋನನ್ನು ಊಟದ ತಟ್ಟೆಯಂತೆ ಮುಂದೆ ಹಿಡಿದುಕೊಂಡು, ಆ ಹೆಣ್ಣುಮಗಳ ಸಂಸಾರದ ಕಷ್ಟವನ್ನೆಲ್ಲ ಇಡೀ ಬೋಗಿಗೆ ಬಡಿಸುತ್ತಿದ್ದ. ಎದುರಿಗೆ ಕಡಲೆಕಾಯಿ ಸುಲಿಯುತ್ತಿದ್ದವರು ಸುಲಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು. ತನ್ನ ಅಳು ಊರ್ಗಾಂ ನಿಲ್ದಾಣದಲ್ಲಿ ಹತ್ತಿದವರಿಗೂ ಕೇಳಿಸುತ್ತಿದೆಯೆಂದು ಆಕೆಗೆ ತಿಳಿದಿರಲಿಲ್ಲ.

“ಅಪ್ಪಾ, ಆಕೆ ಹೇಳುತ್ತಿರುವುದು ನಿನಗೆ, ನಮಗಲ್ಲ. ಫೋನು ಕಿವಿಗೆ ಇಟ್ಟುಕೋ,” ಎಂದೆ.

“ಅಜ್ಜಿ, ಇದು ಫ್ರೀ ಕಾಲು,” ಎಂದ ಅವನು.

ಬಿಟ್ಟಿ ಸಿಕ್ಕಿದ್ದಕ್ಕೆ ಮರ್ಯಾದೆ ಬೇಡವೆಂದು ಅವನಿಗೆ ಯಾವ ಶಾಲೆಯಲ್ಲಿ ಕಲಿಸಿದರೋ ನಾನರಿಯೆ. ನನ್ನ ಶಾಲೆಯಲ್ಲಂತೂ ಅಲ್ಲ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕಾರ್ಮಿಕರ ಮಕ್ಕಳಿಗೆ ನಾನು ಮಗ್ಗಿಗಿಂತ ಮೊದಲು ಕಲಿಸಿದ ಪಾಠ ಒಂದೇ: ಇನ್ನೊಬ್ಬರ ಮಾತು ಇನ್ನೊಬ್ಬರ ಸ್ವತ್ತು, ಕೇಳದೆ ಮುಟ್ಟಬಾರದು. ಈ ಪಾಠವನ್ನು ಮಕ್ಕಳು ಬೇಗ ಕಲಿತರು. ಅವರ ತಾಯ್ತಂದೆಯರು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ.

ಆ ಸಿಟ್ಟು ಇಳಿಯುವ ಮೊದಲೇ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ನನ್ನ ಮೊಬೈಲು ರಿಂಗಾಯಿತು. ಬಹ್ರೇನಿನಿಂದ ಇಂದ್ರಾಣಿ.

ಇಂದ್ರಾಣಿ ನನ್ನ ಶಿಷ್ಯೆ. ನಮ್ಮ ಹಿಂದಿನ ಲೈನಿನ, ಅಂದರೆ ಗಣಿ ಕಂಪನಿಯ ಸಾಲುಮನೆಗಳ, ಪೆರುಮಾಳ್ ಅವರ ಹಿರಿಯ ಮಗಳು. ನರ್ಸಿಂಗ್ ಓದಿ, ಇಪ್ಪತ್ತೆರಡು ತುಂಬುವ ಮೊದಲೇ ಕೊಲ್ಲಿ ದೇಶಕ್ಕೆ ಹೋದವಳು. ತಮ್ಮ ವೇಣುವನ್ನು ಓದಿಸಿದಳು, ತಂಗಿಯರ ಮದುವೆ ಮಾಡಿದಳು, ಗಣಿ ಮುಚ್ಚಿದ ಮೇಲೆ ಮನೆಯ ಒಲೆ ಆರದಂತೆ ನೋಡಿಕೊಂಡಳು. ಈಗ ಅವಳ ತಲೆಯೂ ನರೆತಿದೆ.

“ಟೀಚರಮ್ಮ, ಒಂದು ಮಾತು. ಪಕ್ಕದಲ್ಲಿ ಯಾರಾದ್ರೂ ಅವ್ರಾ?”

“ಯಾರೂ ಇಲ್ಲ. ಹೇಳು.”

“ನಾನು ಮದುವೆ ಆಗ್ಬೇಕು ಅಂದ್ಕೊಂಡಿದೀನಿ.”

ನಾನು ಕುರ್ಚಿಯಲ್ಲಿ ಕುಳಿತೆ. ಅವಳೇ ಮುಂದುವರಿಸಿದಳು. ಅವರ ಹೆಸರು ರವಿಕಿರಣ್. ಅದೇ ಆಸ್ಪತ್ರೆಯ ಎಕ್ಸ್-ರೇ ವಿಭಾಗದವರು, ಶಿವಮೊಗ್ಗದ ಕಡೆಯವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಈ ತಿಂಗಳು ನಿವೃತ್ತರಾಗಿ ಊರಿಗೆ ಹೊರಟಿದ್ದಾರೆ. ಹೊರಡುವ ಮೊದಲು ಕೇಳಿದ್ದಾರೆ. ಶುಕ್ರವಾರ ಉತ್ತರ ಕೊಡುವೆನೆಂದು ಇವಳು ಹೇಳಿದ್ದಾಳೆ.

“ಸಂತೋಷ ಕಣೇ. ನನ್ನನ್ನೇನು ಕೇಳುತ್ತೀ? ನಿನ್ನ ವಯಸ್ಸಿಗೆ ಯಾರ ಅಪ್ಪಣೆ ಬೇಕು?”

“ಅಪ್ಪಂದು ಬೇಕು. ಅಪ್ಪಂದು ಮಾತ್ರ. ಆದ್ರೆ ಬೀದಿಗೆ ಕೇಳಿಸ್ಬಾರ್ದು, ಟೀಚರಮ್ಮ. ಆವತ್ತಿನ ತರ ಆಗ್ಬಾರ್ದು.”

ಆವತ್ತು ಎಂದರೆ ಯಾವತ್ತೆಂದು ಅವಳು ಹೇಳಬೇಕಾಗಿರಲಿಲ್ಲ.

ಈಗಿನವರು ನಂಬಲಾರರು. ಆಗ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫೋನು. ಅದು ನಮ್ಮ ಮನೆಯಲ್ಲಿತ್ತು. ನಮ್ಮ ಯಜಮಾನರು ಗಣಿಯ ಕಚೇರಿಯಲ್ಲಿದ್ದರು. ಅರ್ಜಿ ಹಾಕಿ, ಕಾದು, ಮರೆತೇಬಿಟ್ಟ ಮೇಲೆ ಆ ಕಪ್ಪು ಯಂತ್ರ ಮನೆಗೆ ಬಂತು. ಬಂದ ಮರುದಿನದಿಂದ ಅದು ನಮ್ಮದಾಗಿ ಉಳಿಯಲಿಲ್ಲ. ಮದುವೆಯ ಲಗ್ನಪತ್ರಿಕೆಗಳಲ್ಲಿ ಅದರ ಸಂಖ್ಯೆ ಅಚ್ಚಾಗುತ್ತಿತ್ತು, ಪಕ್ಕದಲ್ಲಿ ಪಿ.ಪಿ. ಎಂಬ ಎರಡು ಅಕ್ಷರ. ಫೋನು ನೆರೆಯವರದು, ಮಾತು ನಮ್ಮದು ಎಂದು ಅದರ ಅರ್ಥ. ನಾವು ಬೇಡವೆನ್ನಲಿಲ್ಲ. ನೀರು, ಬೆಂಕಿ, ಫೋನು, ಈ ಮೂರನ್ನು ಕೇಳಿದವರಿಗೆ ಇಲ್ಲವೆನ್ನುವುದು ಮನುಷ್ಯಧರ್ಮವಲ್ಲ.

ಇಂದ್ರಾಣಿ ಶುಕ್ರವಾರ ಕರೆ ಮಾಡುತ್ತಿದ್ದಳು. ಅಲ್ಲಿ ಅದು ರಜೆಯ ದಿನ. ಅವಳ ಹಾಸ್ಟೆಲಿನಲ್ಲಿ ಸರದಿ ನಿಲ್ಲಬೇಕು. ಆ ಕರೆ ಬೊಂಬಾಯಿಗೆ ಬಂದು, ಬೆಂಗಳೂರಿಗೆ ಬಂದು, ರಾಬರ್ಟ್‌ಸನ್‌ಪೇಟೆಗೆ ಬಂದು, ಅಲ್ಲಿಂದ ನಮ್ಮ ಮನೆಗೆ ತಲುಪಬೇಕು. ಪ್ರತಿ ಊರಿನಲ್ಲೂ ಒಬ್ಬ ಆಪರೇಟರು ಕೈಹಿಡಿದು ದಾಟಿಸಬೇಕು. ಬೆಳಗ್ಗೆ ಬುಕ್ ಮಾಡಿದ್ದು ಸಂಜೆ ಬಂದರೆ ಅದೃಷ್ಟ. ಬಂದಾಗ ಪೆರುಮಾಳ್ ಸುರಂಗದಲ್ಲಿದ್ದರೆ ಎಲ್ಲವೂ ವ್ಯರ್ಥ. ಹಾಗಾಗಿ ಅವರು ಶುಕ್ರವಾರಗಳಂದು ಪಾಳಿ ಬದಲಿಸಿಕೊಂಡು, ತಲೆ ಬಾಚಿ, ಶರ್ಟಿನ ಕೊನೆಯ ಗುಂಡಿಯನ್ನೂ ಹಾಕಿಕೊಂಡು, ಮಗಳು ತನ್ನನ್ನು ನೋಡಲಿರುವಳೆಂಬಂತೆ ನಮ್ಮ ನಡುಮನೆಯಲ್ಲಿ ಬಂದು ಕೂರುತ್ತಿದ್ದರು. ಅವರ ಹಿಂದೆ ಬೀದಿಯೂ ಬಂದು ಕೂರುತ್ತಿತ್ತು.

ಇಷ್ಟು ಪಾಡುಪಟ್ಟು ಬಂದ ಕರೆಯಲ್ಲಿ ಮಾತೇ ಆಗುತ್ತಿರಲಿಲ್ಲ. ಒಂದು, ಆಡಿದ ಮಾತು ಆಕಾಶಕ್ಕೆ ಹೋಗಿ ಇಳಿಯಲು ತುಸು ಹೊತ್ತು ಹಿಡಿಯುತ್ತಿತ್ತು. ಆ ಮೌನ ಕಂಡು ಇವರು ಮತ್ತೆ ಆರಂಭಿಸುವರು, ಅಷ್ಟರಲ್ಲಿ ಅವಳ ಉತ್ತರ ಬರುವುದು, ಎರಡೂ ಡಿಕ್ಕಿ ಹೊಡೆಯುವುವು. ಇನ್ನೊಂದು, ಪೆರುಮಾಳ್ ಕಲ್ಲು ಕೊರೆಯುವ ಯಂತ್ರ ಹಿಡಿದವರು. ಆ ಯಂತ್ರ ಬಂಗಾರವನ್ನು ಕಂಪನಿಗೆ ಕೊಟ್ಟು ಕಿವುಡನ್ನು ಇವರಿಗೆ ಕೊಟ್ಟಿತ್ತು. ಕಿವುಡಾದ ಕಿವಿಗೆ ಆ ಕಂಪನಿ ಏನು ಪರಿಹಾರ ಕೊಟ್ಟಿತೆಂದು ನನ್ನನ್ನು ಕೇಳಬೇಡಿ. ನನ್ನ ರಕ್ತದ ಒತ್ತಡ ಏರುತ್ತದೆ. ಮಗಳಿಗೆ ಕೇಳಿಸಲೆಂದು ಇವರು ಕೂಗುವ ಕೂಗಿಗೆ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು.

ಪೆರುಮಾಳ್ ಅವರ ಎದುರು ಮನೆಯ ಚಿಕ್ಕವೆಂಕಟಮ್ಮ ಆಗಲೇ ಹೇಳಿದ್ದಳು: “ಪೆರುಮಾಳಣ್ಣ, ನಿಂಗೆ ಫೋನ್ ಯಾಕೆ? ಬೇತಮಂಗಲದ ಕೆರೆ ಏರಿ ಮ್ಯಾಲೆ ನಿಂತ್ಕಂಡು ಕೂಗು ಸಾಕು. ಬಹ್ರೇನ್ಗೆ ಕೇಳಿಸ್ತದೆ.”

ನಾನು ತರಗತಿಯ ನಿಯಮ ಮಾಡಿದೆ: ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರತಕ್ಕದ್ದು. ಯಾರ ಸರದಿಯೆಂದು ತಿಳಿಯುವುದು ಹೇಗೆ? ಅದನ್ನು ಪೆರುಮಾಳ್ ಬಿಡಿಸಿದರು. ಗಣಿಯ ಬಾವಿಯಲ್ಲಿ ಜನ ಇಳಿಯುವ ಕೇಜಿಗೆ ಒಂದು ಗಂಟೆಯ ತಂತಿಯಿರುತ್ತದೆ. ಕೆಳಗಿರುವವನು ಅದನ್ನು ಎಳೆದು ಮೇಲೆ ಇಂಜಿನ್ನಿನ ಮುಂದೆ ಕುಳಿತವನಿಗೆ ಸನ್ನೆ ಕೊಡುತ್ತಾನೆ. ಒಂದು ಬಡಿದರೆ ನಿಲ್ಲಿಸು. ಎರಡು ಬಡಿದರೆ ಇಳಿಸು. ಮೂರು ಬಡಿದರೆ, ಒಳಗೆ ಇರುವುದು ಕಲ್ಲಲ್ಲ, ಮನುಷ್ಯರು, ಮೆಲ್ಲಗೆ ನಡೆಸು. ಮೇಲಿನಿಂದಲೂ ಮೂರು ಬಡಿತ ಮರಳಿ ಬಂದ ಮೇಲೆಯೇ ಕೇಜಿನೊಳಗೆ ಕಾಲಿಡಬೇಕು. ಇಂದ್ರಾಣಿ ಈ ಲೆಕ್ಕವನ್ನು ಮಗುವಾಗಿದ್ದಾಗಲೇ ತಂದೆಯ ತೊಡೆಯ ಮೇಲೆ ಕುಳಿತು ಕಲಿತಿದ್ದಳು. ಪೆನ್ನಿನಿಂದ ಫೋನಿನ ಬಾಯಿಗೆ ತಟ್ಟಿದರೆ ಆಯಿತು. ರಿಸೀವರನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರೆ ಪೆರುಮಾಳ್ ಅವರಿಗೆ ಆ ಬಡಿತ ತಿಳಿಯುತ್ತಿತ್ತು.

ಮೊದಲ ಶುಕ್ರವಾರ ಅವಳು ಮೂರು ಬಡಿದಳು. ಇವರು ಮುಖವರಳಿಸಿ ಮರಳಿ ಬಡಿದರು. ಬಡಿದದ್ದು ರಿಸೀವರಿನ ಬಾಯಿಗಲ್ಲ, ರಿಸೀವರು ಕೂರುವ ಪೀಠದ ಗುಂಡಿಗೆ. ಬೆಳಗಿನಿಂದ ಊರೂರು ದಾಟಿ ಬಂದಿದ್ದ ಲೈನು ಕಡಿದುಹೋಯಿತು.

“ಮಡಗ್ಬಿಟ್ಳು,” ಎಂದರು ಪೆರುಮಾಳ್, ನಮ್ಮೆಲ್ಲರನ್ನೂ ನೋಡುತ್ತ. “ಅಷ್ಟ್ ಬೇಗ ಮಡಗ್ಬಿಟ್ಳು.”

ನಡುಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮುಂದಿನ ಶುಕ್ರವಾರದಿಂದ ಆ ಗುಂಡಿಯ ಮೇಲೆ ನಾನು ಕೈಯಡ್ಡ ಹಿಡಿದು ನಿಲ್ಲುತ್ತಿದ್ದೆ. ಮೂರು ಬಡಿತ, ಮೂರು ಬಡಿತ, ಆಮೇಲೆ ಅವಳ ಮಾತು, ಒಂದು ಬಡಿತ, ಆಮೇಲೆ ಇವರ ಮಾತು. ಗಣಿ ಇಲಾಖೆಯೂ ದೂರವಾಣಿ ಇಲಾಖೆಯೂ ಎಂದೂ ಕೂಡಿ ಕೆಲಸ ಮಾಡದ ಈ ದೇಶದಲ್ಲಿ, ನನ್ನ ನಡುಮನೆಯಲ್ಲಿ ಅವೆರಡೂ ಹೀಗೆ ಕೂಡಿದ್ದವು.

ಆವತ್ತೂ ಶುಕ್ರವಾರವೇ. ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ನನ್ನನ್ನು ಕೇಳಿದ್ದಾರಪ್ಪ, ಏನು ಹೇಳಲಿ ಎಂದು ಕೂಗಿದಳು. ತಂದೆಗೆ ಕೇಳಿಸಲಿಲ್ಲ. ಬೀದಿಗೆ ಕೇಳಿಸಿತು. ಬೀದಿ ಅದನ್ನು ತಂದೆಯ ಕಿವಿಯಲ್ಲಿ ಒಟ್ಟಾಗಿ ಕೂಗಿತು, ಕೂಗುವಾಗಲೇ ತೀರ್ಪನ್ನೂ ಸೇರಿಸಿತು. ಯಾವ ಜನ ಕೇಳು ಎಂದರು. ಕೊಲ್ಲಿಯಲ್ಲಿ ಸಿಕ್ಕಿದವರನ್ನು ನಂಬಬೇಡ ಎಂದರು. ತಂಗಿಯರ ಗತಿಯೇನು ಎಂದರು. ಬೇಡ ಅನ್ನು, ಬೇಡ ಅನ್ನು ಎಂದರು. ನಾನು ಮೇಜು ಗುದ್ದಿ ಸುಮ್ಮನಿರಿಸುವಷ್ಟರಲ್ಲಿ ಲೈನು ಹೋಯಿತು. ಪೆರುಮಾಳ್ ಇನ್ನೂ ಬಾಯಿ ತೆರೆದಿರಲಿಲ್ಲ. ಅವಳ ಕಿವಿಯಲ್ಲಿ ಉಳಿದದ್ದು ಬೀದಿಯ ಬೇಡ.

ಮುಂದಿನ ಶುಕ್ರವಾರ ನಾನು ಎಲ್ಲರನ್ನೂ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದೆ. ಅವಳು ಆ ವಿಷಯವನ್ನು ಎತ್ತಲಿಲ್ಲ. ಮತ್ತೆಂದೂ ಎತ್ತಲಿಲ್ಲ.

“ಆವತ್ತು ಅಪ್ಪ ಏನಂದ್ಕೊಂಡ್ರೋ ನಂಗೆ ಇವತ್ತಿಗೂ ಗೊತ್ತಿಲ್ಲ,” ಎಂದಳು ಇಂದ್ರಾಣಿ ಈಗ, ಬಹ್ರೇನಿನಿಂದ, ಪಕ್ಕದ ಕೋಣೆಯಲ್ಲಿ ಇದ್ದಾಳೋ ಎಂಬಷ್ಟು ಸ್ಪಷ್ಟವಾಗಿ. “ಈ ಸಲ ಅಪ್ಪಂಗೆ ಮೊದ್ಲು ಕೇಳಿಸ್ಬೇಕು. ಅಪ್ಪನೇ ಯೋಳ್ಬೇಕು. ನಾನೇ ಬಂದ್ರೂ ಕೂಗ್ಲೇಬೇಕಲ್ಲ, ಲೈನಿಗೆಲ್ಲ ಗೊತ್ತಾಗ್ತದೆ. ಅಪ್ಪ ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಅಪ್ಪನ ಬಾಯಿಂದ.”

“ಶುಕ್ರವಾರ ನಿನಗೆ ನಿನ್ನ ಅಪ್ಪನ ಉತ್ತರ ಸಿಗುತ್ತದೆ,” ಎಂದೆ. ಹೇಗೆಂದು ನನಗೆ ತಿಳಿದಿರಲಿಲ್ಲ.

ಮರುದಿನ ಪೆರುಮಾಳ್ ಅವರ ಮನೆಗೆ ಹೋದೆ. ಸಾಲಾಗಿ ಹಂಚಿಕೊಂಡ ಗೋಡೆಗಳ ಕಂಪನಿ ಮನೆ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯವರು ಸೀನುವಷ್ಟು ತೆಳು ಗೋಡೆ. ಅವರು ಮಂಚದ ಮೇಲೆ ಕುಳಿತಿದ್ದರು. ಈಗ ಕಣ್ಣಿಗೂ ಪೊರೆ. ಫೋನಿನ ಪರದೆಯಲ್ಲಿ ಮಗಳ ಮುಖ ತೋರಿಸಿದರೆ ಬೆಳಕು ಮಾತ್ರ ಕಾಣುತ್ತದೆ. ಓದಲು ಕಲಿತವರಲ್ಲ, ಆದ್ದರಿಂದ ಸ್ಲೇಟಿಗೂ ದಾರಿಯಿಲ್ಲ. ವೇಣು ತಂದುಕೊಟ್ಟ ಕಿವಿಯ ಯಂತ್ರ ಎಲೆಯಡಿಕೆ ಡಬ್ಬಿಯಲ್ಲಿ ಸುಣ್ಣದ ಪಕ್ಕ ಮಲಗಿದೆ.

“ಅದನ್ನು ಹಾಕಿಕೊಳ್ಳಿ ಪೆರುಮಾಳಣ್ಣ,” ಎಂದು ಅದನ್ನು ಅವರ ಅಂಗೈಗಿಟ್ಟು ಕಿವಿ ಮುಟ್ಟಿದೆ.

“ಬ್ಯಾಡ ಟೀಚರಮ್ಮ. ಅದಿಕ್ಕಿದ್ರೆ ತಿರ್ಗಾ ಮಿಷನ್ ಒಡ್ದಂಗೆ ಆಯ್ತದೆ. ರಿಟೈರಾದ್ ಮ್ಯಾಲೂ ಡೂಟಿ ಮಾಡ್ಲಾ?”

ಒಳಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: “ಇಂದ್ರಾಣಿ ಫೋನ್ ಮಾಡಿದ್ದಳು.”

“ಯಾರು?”

ಸ್ವರ ಏರಿಸಿದೆ. “ಇಂದ್ರಾಣಿ.”

“ಇಂದ್ರಾಣಿಗೇನು?”

ಇನ್ನೂ ಏರಿಸಿದೆ. ಅಷ್ಟಕ್ಕೆ ಎದುರು ಮನೆಯ ಜಗುಲಿಯಿಂದ ಚಿಕ್ಕವೆಂಕಟಮ್ಮನ ಗಂಟಲು, ಗಣಿಯ ಸೈರನ್ನು ನಿಂತಂದಿನಿಂದ ಅದರ ಬದಲಿಗೆ ಇಟ್ಟಂತಿರುವ ಗಂಟಲು, ಸಹಾಯಕ್ಕೆ ಬಂತು: “ಇಂದ್ರಾಣಿ ಫೋನ್ ಮಾಡಿದ್ಳಂತೆ ಪೆರುಮಾಳಣ್ಣ! ಏನಂತೆ ಟೀಚರಮ್ಮ, ಯೋಳಿ, ನಾನ್ ಕೂಗ್ತೀನಿ.”

ಹೇಳಲಿಲ್ಲ. ಹೊರಗೆ ಬಂದೆ. ಚಿಕ್ಕವೆಂಕಟಮ್ಮನ ಮುಖದಲ್ಲಿ ನಿಜವಾದ ಸಹಾಯದ ಆಸೆಯಿತ್ತು. ಅದೇ ಕಷ್ಟ. ಈ ಜನ ಕೆಟ್ಟವರಾಗಿದ್ದರೆ ನಾನು ಬೈದು ಮುಗಿಸಬಹುದಿತ್ತು. ಇಂದ್ರಾಣಿ ಊರಿಗೆ ಬಂದಾಗಲೆಲ್ಲ ಮೊದಲ ಮುದ್ದೆ ಮಾಡಿ ತರುವವಳು ಇವಳೇ. ಒಳ್ಳೆಯವರಿಗೆ ಮರ್ಯಾದೆ ಕಲಿಸುವಷ್ಟು ಕಠಿಣವಾದ ಕೆಲಸ ಇನ್ನೊಂದಿಲ್ಲ.

ಅವಳನ್ನು ನೋಡುತ್ತಿದ್ದಾಗಲೇ ಅವಳ ಹಳೆಯ ಮಾತು ನೆನಪಾಯಿತು. ಬೇತಮಂಗಲದ ಕೆರೆ ಏರಿ.

ಶುಕ್ರವಾರ ಬೆಳಗ್ಗೆ ಮುನಿರಾಜನ ಆಟೋ ಹಿಡಿದು ಪೆರುಮಾಳ್ ಅವರ ಬಾಗಿಲಿಗೆ ಹೋದೆ. ಮುನಿರಾಜನೂ ನನ್ನ ಶಿಷ್ಯನೇ. ಗಣಿತದಲ್ಲಿ ದುರ್ಬಲ, ನಡತೆಯಲ್ಲಿ ಪರವಾಗಿಲ್ಲ. ವೇಣುವಿನ ಹೆಂಡತಿ ರಾಧ ಬಾಗಿಲಲ್ಲಿ ನಿಂತಳು.

“ಎಲ್ಲಿಗೆ ಟೀಚರಮ್ಮ, ಮಾವನ್ನ ಕರ್ಕೊಂಡು?”

“ಬೇತಮಂಗಲಕ್ಕೆ. ಕೆರೆ ತುಂಬಿದೆಯಂತೆ, ನೋಡಿ ಬರುತ್ತೇವೆ.”

“ಮಾವಂಗೆ ಕಣ್ಣೇ ಕಾಣ್ಸಲ್ವಲ್ಲ.”

“ಗಾಳಿಯಾದರೂ ಸಿಗುತ್ತದೆ.”

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೆರೆ ತುಂಬಿತ್ತು, ನೋಡುವವಳಿದ್ದೆ, ಗಾಳಿಯೂ ಇತ್ತು. ಪೂರ್ತಿ ನಿಜವನ್ನು ಅದರ ಒಡೆಯರಿಗೆ ಮೊದಲು ಒಪ್ಪಿಸಬೇಕಾದುದು ನನ್ನ ಕರ್ತವ್ಯವಾಗಿತ್ತು. ಪೆರುಮಾಳ್ ಏನೂ ಕೇಳದೆ ಆಟೋ ಹತ್ತಿದರು. ಶರ್ಟಿನ ಕೊನೆಯ ಗುಂಡಿಯನ್ನು ಹಾಕಿಕೊಂಡಿದ್ದರು. ಶುಕ್ರವಾರ ನಾನು ಕರೆದರೆ ಏಕೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಏರಿಯ ಮೇಲೆ, ತೂಬಿನ ಹತ್ತಿರ ಇಳಿದೆವು. ನೀರು ಕಟ್ಟೆಯ ಕಲ್ಲುಗಳನ್ನು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ದೂರದ ಮೆಟ್ಟಿಲಲ್ಲಿ ನಾಲ್ಕಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು; ಅದರಾಚೆ ಯಾರೋ ಎಮ್ಮೆ ತೊಳೆಯುತ್ತಿದ್ದರು. ನಮ್ಮ ಸುತ್ತ ಕೊಕ್ಕರೆಗಳು ಮಾತ್ರ. ಮುನಿರಾಜನನ್ನು ಕಾಫಿ ತರಲು ಬಸ್ಸು ನಿಲ್ಲುವ ಕಡೆಗೆ ಕಳುಹಿಸಿದೆ.

“ಮೂರು ಕಾಫಿ, ಮುನಿರಾಜ. ನಿಧಾನವಾಗಿ ಬಾ.”

“ಆಟೋದಾಗೆ ಓಗ್ಲಾ, ನಡ್ಕೊಂಡ್ ಓಗ್ಲಾ?”

“ನಡೆದುಕೊಂಡು.”

ಪೆರುಮಾಳ್ ಅವರನ್ನು ತೂಬಿನ ಕಟ್ಟೆಯ ಮೇಲೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೆಲ್ಲಗೆ ಮಾತನಾಡಿ ಎಂದು ಎರಡು ತಲೆಮಾರಿನ ಮಕ್ಕಳಿಗೆ ಹೇಳಿದ ಬಾಯಿ ಇದು. ಅದನ್ನು ಪೂರ್ತಿ ತೆರೆದು ಕೂಗಿದೆ:

“ಇಂದ್ರಾಣಿಗೆ ಮದುವೆ ಆಗಬೇಕು ಅಂತ ಇದೆ!”

ಕೊಕ್ಕರೆಗಳು ಎದ್ದು ಹಾರಿಹೋದವು.

“ಮದ್ವೇನಾ? ಯಾರ್ ಮದ್ವೆಗೆ ಬತ್ತಾಳೆ?”

“ಬರುವುದಲ್ಲ. ಅವಳದೇ ಮದುವೆ!”

ಅವರು ಪೊರೆಗಣ್ಣನ್ನು ನನ್ನ ಕಡೆ ತಿರುಗಿಸಿದರು. ನಾನು ಉಸಿರು ತೆಗೆದುಕೊಂಡು, ಪಾಠ ಒಪ್ಪಿಸುವಂತೆ, ಒಂದೊಂದೇ ವಾಕ್ಯವಾಗಿ ಕೂಗಿದೆ. ಅವರ ಹೆಸರು. ಅವರ ಕೆಲಸ. ಹೆಂಡತಿ ತೀರಿಕೊಂಡದ್ದು. ಊರು. ಅವಳು ಉತ್ತರಕ್ಕಾಗಿ ಕಾಯುತ್ತಿರುವುದು. ನೀವು ಬೇಡವೆಂದರೆ ಬೇಡ, ಆದರೆ ನೀವೇ ಹೇಳಬೇಕು ಎಂದದ್ದು. ಕೊನೆಯ ವಾಕ್ಯಕ್ಕೆ ನನ್ನ ಗಂಟಲು ಒಡೆಯಿತು.

ಪೆರುಮಾಳ್ ನೀರಿನ ಕಡೆ ಮುಖ ತಿರುಗಿಸಿದರು. ಆಮೇಲೆ, ಆಶ್ಚರ್ಯವೆಂದರೆ, ಮೆಲ್ಲಗೆ ಮಾತನಾಡಿದರು. ಇಷ್ಟು ಮೆಲ್ಲಗೆ ಮಾತನಾಡಲು ಅವರಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಆವತ್ತು ನಾನು ಏನೂ ಅನ್ಲಿಲ್ಲ ಟೀಚರಮ್ಮ. ಅವ್ರೆಲ್ಲ ಅಂದ್ಬಿಟ್ರು. ಲೈನ್ ಓಯ್ತು. ತಿರ್ಗಾ ಕೇಳ್ತಾಳೆ, ಆಗ ಸೆರಿ ಅನ್ನಾಣ ಅಂತ ಕಾದೆ. ಅವ್ಳು ಕೇಳ್ಲೇ ಇಲ್ಲ. ಅವ್ಳಿಗೇ ಬ್ಯಾಡಾಂತ ಆಗೈತೆ ಅಂದ್ಕೊಂಡೆ. ಎಣ್ಮಗಳನ್ನ ನಾನಾಗಿ ಎಂಗೆ ಕೇಳ್ಲಿ, ಬಾಗ್ಲಾಚೆ ನಿಂತಿರೋ ಆ ಜನಕ್ಕೆ ಕೇಳಿಸೋ ಅಂಗೆ.”

ಅವಳು ಅಲ್ಲಿ ಇವರ ಮಾತಿಗೆ ಕಾದಳು. ಇವರು ಇಲ್ಲಿ ಅವಳ ಮಾತಿಗೆ ಕಾದರು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರತಕ್ಕದ್ದು ಎಂಬ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನನ್ನ ಯಾವ ತರಗತಿಯಲ್ಲೂ ಕಾಣೆ.

ನಾನು ಇಂದ್ರಾಣಿಗೆ ಕರೆ ಮಾಡಿದೆ. ಮೊದಲ ಗಂಟೆಗೇ ಎತ್ತಿದಳು.

“ಹೇಳಿದೆ,” ಎಂದೆ. “ಕೇಳಿಸಿದೆ. ಇಲ್ಲಿ ನಾವಿಬ್ಬರೇ.”

“ಅಪ್ಪ ಏನಂದ್ರು?”

ಅಷ್ಟರಲ್ಲಿ ಪೆರುಮಾಳ್ ನನ್ನ ತೋಳು ಮುಟ್ಟಿದರು. “ಅವನ್ಗೆ ಕಿವಿ ಸೆರಿಯಾಗಿ ಕೇಳಿಸ್ತದಾ, ಕೇಳಿ.”

ಕೇಳಿದೆ. ಆ ಕಡೆ ಇಂದ್ರಾಣಿ ನಕ್ಕಳು. “ಕೇಳಿಸ್ತದೆ ಅಂತ ಯೋಳಿ. ನಾನು ಮನಸ್ಸಲ್ಲೇ ಅಂದ್ಕೊಂಡ್ರೂ ಕೇಳಿಸ್ತದೆ ಅವ್ರಿಗೆ.”

ಅದನ್ನೂ ಕೂಗಿದೆ. ಪೆರುಮಾಳ್ ತಲೆಯಾಡಿಸಿದರು. ಫೋನು ಕೊಡಿ ಎಂದು ಕೈನೀಡಿದರು. ಮಾತನಾಡುವರೆಂದು ಕೊಟ್ಟೆ. ಅವರು ಅದನ್ನು ಕಿವಿಯ ಹಿಂದಿನ ಮೂಳೆಗೆ ಒಮ್ಮೆ ಒತ್ತಿ ನೋಡಿ, ಮುಂದೆ ಹಿಡಿದು, ಉಗುರಿನಿಂದ ಗಾಜಿನ ಮೇಲೆ ಬಡಿಯತೊಡಗಿದರು. ಒಂದು ಬಡಿತ ಆಗಿದ್ದಿರಬೇಕು. ಎರಡನೆಯದು ಸರಿಯಾಗಿ ಕೆಂಪು ಗುರುತಿನ ಮೇಲೆ ಬಿತ್ತು. ಕರೆ ಕಡಿಯಿತು.

ಪರದೆ ಕಪ್ಪಾದದ್ದು ಅವರಿಗೂ ತಿಳಿಯಿತು.

“ಮಡಗ್ಬಿಟ್ಳಾ?” ಎಂದರು. ಅದೇ ಮುಖ, ನಮ್ಮ ನಡುಮನೆಯ ಆ ಮೊದಲ ಶುಕ್ರವಾರದ ಮುಖ. ಆದರೆ ಈಗ ಸುತ್ತ ನಗುವವರಿರಲಿಲ್ಲ.

“ಇಲ್ಲ, ಇಲ್ಲ,” ಎಂದು ಅವರ ಕೈ ಹಿಡಿದುಕೊಂಡೆ. ಮನುಷ್ಯನೊಬ್ಬ ಬೆರಳಿನಿಂದ ಬಡಿದು ನಾನಿದ್ದೇನೆ ಎನ್ನಲು ಒಂದು ಅಂಗುಲ ಜಾಗವಿಡದೆ, ಎಲ್ಲಿ ಮುಟ್ಟಿದರೂ ಏನಾದರೊಂದು ಆಗುವ ಇಂಥ ವಸ್ತುವನ್ನು ಮಾಡಿದವರಿಗೆ ಮನೆಯಲ್ಲಿ ಹಿರಿಯರು ಯಾರೂ ಇರಲಿಲ್ಲವೆ? ಮತ್ತೆ ಕರೆ ಮಾಡಿದೆ. ಹೋಗಲಿಲ್ಲ. ಏರಿಯ ಮೇಲೆ ಸಿಗ್ನಲ್ ಗಾಳಿಯಂತೆ ಬಂದು ಹೋಗುತ್ತಿತ್ತು. ಫೋನನ್ನು ಎತ್ತಿ ಹಿಡಿದು, ತೂಬಿನ ಈ ತುದಿಯಿಂದ ಆ ತುದಿಗೆ ನಡೆದೆ. ಆ ಕಡೆ ಅವಳ ಕಿವಿಯಲ್ಲಿ ಏನು ಉಳಿದಿದೆಯೋ. ಇನ್ನೊಮ್ಮೆ ಆ ಹುಡುಗಿ ಕಡಿದ ಲೈನಿನ ಅರ್ಥ ಹುಡುಕುತ್ತ ಕೂರುವಂತಾಗಬಾರದು.

ಫೋನು ರಿಂಗಾಯಿತು. ಅವಳೇ.

“ಟೀಚರಮ್ಮ, ಅಪ್ಪ ಕಟ್ ಮಾಡಿದ್ರಾ? ಬ್ಯಾಡಾಂತನಾ?”

“ಅಲ್ಲ. ತಡಿ. ಹಿಡಿದುಕೊಂಡಿರು. ಫೋನು ಇಡಬೇಡ.”

ಹಿಂತಿರುಗಿ ನೋಡಿದರೆ ಪೆರುಮಾಳ್ ಎದ್ದು ನಿಂತಿದ್ದರು. ಕೈಯಿಂದ ತಡವುತ್ತ, ತೂಬಿನ ಬಾಗಿಲನ್ನು ಎತ್ತಿ ಇಳಿಸುವ ದಪ್ಪ ಕಬ್ಬಿಣದ ಕಂಬಿಯನ್ನು ಹುಡುಕಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ಒಂದು ಕಲ್ಲು. ಏನು ಮಾಡುತ್ತಾರೆಂದು ನನಗೆ ತಿಳಿಯಿತು. ಫೋನನ್ನು ಕಂಬಿಯ ಹತ್ತಿರ ಹಿಡಿದು, ಅವರ ಭುಜ ಮುಟ್ಟಿದೆ.

ಅವರು ಬಡಿದರು.

ಒಂದು. ಎರಡು. ಮೂರು.

ಕಬ್ಬಿಣದ ನಾದ ನೀರಿನ ಮೇಲೆ ಆ ದಡದವರೆಗೆ ಹೋಯಿತು. ಬಟ್ಟೆ ಒಗೆಯುವವರು ತಲೆಯೆತ್ತಿದರು. ಎಮ್ಮೆಯವನು ತಿರುಗಿ ನೋಡಿದ. ಇಡೀ ಕೆರೆಗೆ ಕೇಳಿಸಿತು, ಯಾರಿಗೂ ತಿಳಿಯಲಿಲ್ಲ. ಯಾರೋ ಮುದುಕ ತೂಬು ಬಡಿಯುತ್ತಿದ್ದಾನೆಂದು ಮತ್ತೆ ಅವರವರ ಕೆಲಸಕ್ಕೆ ಬಾಗಿದರು.

ಫೋನಿನಲ್ಲಿ ಮೌನ. ಈಗ ಆಡಿದ ಮಾತು ಕಾಯದೆ ತಲುಪುತ್ತದೆಂದು ಕೇಳಿದ್ದೇನೆ. ಆದರೂ ಆ ಮೌನ ಹಿಂದಿನ ಕಾಲದ ಮೌನದಷ್ಟೇ ಉದ್ದವಾಗಿತ್ತು.

“ಮೂರಾ, ಟೀಚರಮ್ಮ?”

“ಮೂರು.” ನಿಲ್ಲಿಸು ಎನ್ನುವ ಒಂದಲ್ಲ, ಮೆಲ್ಲಗೆ ನಡೆಸು ಎನ್ನುವ ಮೂರು.

“ಸರಿಯಾಗಿ ಎಣಿಸಿದ್ರಾ?”

“ನಾನು ಲೆಕ್ಕದ ಮೇಡಮ್ಮು ಕಣೇ.”

ಅವಳು ಅಳುತ್ತಿದ್ದಳು. ಆ ಅಳು ನನ್ನೊಬ್ಬಳ ಕಿವಿಗೆ ಬಿದ್ದಿತು. ಅದನ್ನು ನಾನು ಇಲ್ಲಿ ವಿವರಿಸುವುದಿಲ್ಲ. “ಅಪ್ಪಂಗೆ ಮೂರು ಕೊಡಿ,” ಎಂದಳು ಕೊನೆಗೆ. “ವಾಪಸ್ ಬರ್ದಿದ್ರೆ ಅಪ್ಪ ಕಾಲಿಡಲ್ಲ.”

ನಾನು ಪೆರುಮಾಳ್ ಅವರ ಕೈಯಿಂದ ಕಲ್ಲು ತೆಗೆದಿಟ್ಟು, ಆ ಒರಟು ಅಂಗೈಯನ್ನು ಬಿಡಿಸಿ, ಅದರ ಮೇಲೆ ಬೆರಳಿನಿಂದ ತಟ್ಟಿದೆ. ಮೂರು ಸಲ. ಅವರು ಕೈ ಮುಚ್ಚಿಕೊಂಡರು. ಹಾಗೆಯೇ, ಮುಚ್ಚಿದ ಕೈಯನ್ನು ಶರ್ಟಿನ ಜೇಬಿನ ಮೇಲೆ ಇಟ್ಟುಕೊಂಡು ಕುಳಿತರು.

ಮುನಿರಾಜ ಕಾಫಿ ಹಿಡಿದು ಬಂದ. ನಿಧಾನವಾಗಿಯೇ ಬಂದಿದ್ದ, ಕಾಫಿ ತಣ್ಣಗಾಗಿತ್ತು. ಲೋಟ ಕೊಡುವಾಗ ಅವನ ಮುಖ ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆದ ದಿನ ಹೇಗಿರುತ್ತಿತ್ತೋ ಹಾಗಿತ್ತು.

“ಏನು ಕೇಳಿಸಿಕೊಂಡೆ, ಮುನಿರಾಜ?”

“ಏನೂ ಇಲ್ಲ ಮೇಡಂ. ಬಸ್ ಸ್ಟಾಪಿನಾಗೆ ಯಾರ್ಗೂ ಏನೂ ಕೇಳಿಸ್ಲಿಲ್ಲ.” ಅವನು ಕೆರೆಯ ಕಡೆ ನೋಡಿದ. “ಆದ್ರೆ ಗಂಡಿನೋರು ಶಿವಮೊಗ್ಗದಿಂದ ಬಂದ್ರೆ ಬಂಗಾರಪೇಟೆ ಸ್ಟೇಷನ್ನಿಗೆ ಆಟೋ ನಂದೇ.”

ಆ ಕಾಫಿ ಕುಡಿದು ಮುಗಿಸುವವರೆಗೆ ನಾನು ಅವನಿಗೆ ಇನ್ನೊಬ್ಬರ ಮಾತಿನ ಪಾವಿತ್ರ್ಯದ ಬಗ್ಗೆ ಉಪದೇಶ ಮಾಡಿದೆ. ಅವನು ತಲೆತಗ್ಗಿಸಿ ಕೇಳಿದ. ಹೊರಗೆ ಹೇಳುವುದಿಲ್ಲವೆಂದು ಆಟೋದ ಹ್ಯಾಂಡಲಿನ ಮೇಲೆ ಕೈಯಿಟ್ಟು ಹೇಳಿದ. ಇಂದ್ರಾಣಿ ತಮ್ಮನಿಗೆ ತಾನೇ ಹೇಳುವವರೆಗೆ ಅವನು ಆ ಮಾತು ಉಳಿಸಿಕೊಂಡ. ಆದ್ದರಿಂದ ಅವನ ಹೆಸರನ್ನು ಇಲ್ಲಿ ಗೌರವದಿಂದ ಬರೆದಿದ್ದೇನೆ.

ಮನೆಯ ಮುಂದೆ ಇಳಿದಾಗ ಚಿಕ್ಕವೆಂಕಟಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟಳು.

“ಎಲ್ಲಿಗೋಗಿದ್ರಿ ಪೆರುಮಾಳಣ್ಣ, ಮಕ ಇಂಗೆ ಅರಳೈತೆ?”

ಆ ಗಂಟಲು ಅವರಿಗೂ ಕೇಳಿಸಿತು. ಮುಚ್ಚಿದ ಕೈಯನ್ನು ಇನ್ನೂ ಬಿಡಿಸಿರಲಿಲ್ಲ.

“ಕೆರೆ ನೋಡಕ್ಕೆ,” ಎಂದರು.

“ನೀರು ಎಷ್ಟೈತೆ?”

“ತುಂಬೈತೆ,” ಎಂದು ಹೇಳಿ, ಬಾಗಿಲ ಚೌಕಟ್ಟನ್ನು ತಡವಿ, ಒಳಗೆ ಹೋದರು.